ಸಕಲೇಶಪುರ–ಆಲೂರು ಸೀಮೆಯಲ್ಲಿ ದ್ರವ್ಯವಿಕಾರ: ಒಂದು ಶಾಸ್ತ್ರವಿಚಾರ

ದ್ರವ್ಯ ಬದಲಾಗುತ್ತದೆ ಎಂಬುದರಲ್ಲಿ ಪಂಡಿತರಿಗೆ ತಕರಾರಿಲ್ಲ. ಆ ಬದಲಾವಣೆ ಭೌತವೋ ರಾಸಾಯನಿಕವೋ ಎಂಬಲ್ಲೇ ಜಗಳ. ಪ್ರಸ್ತುತ ಪ್ರಬಂಧವು ಅದನ್ನು ಕಾಫಿ ಕಣದಲ್ಲಿ ಕೂತು ಬಗೆಹರಿಸಲು ಹೊರಟಿದೆ.

ಪೂರ್ವಪಕ್ಷ. ಐದನೇ ಕ್ಲಾಸಿನವರ ಮತ ಹೀಗಿದೆ: ಹಿಂದಕ್ಕೆ ತರಬಹುದಾದರೆ ಭೌತ, ತರಲಾಗದಿದ್ದರೆ ರಾಸಾಯನಿಕ. ಐಸು ಕರಗಿ ನೀರಾಗುತ್ತದೆ, ನೀರು ಮತ್ತೆ ಐಸಾಗುತ್ತದೆ. ಸುಟ್ಟ ಕಾಗದ ಮಾತ್ರ ಬೂದಿಯೇ. ಮತ ಚೆಂದವಾಗಿದೆ, ಬಾಯಿಪಾಠಕ್ಕೆ ಸುಲಭ, ಎರಡು ಮಾರ್ಕಿಗೆ ಸಾಕು.

ಖಂಡನೆ. ಈ ಮತ ಕಾಫಿ ಪುಡಿ ಮಾಡುವ ಮಿಷನ್ನಿನ ಮುಂದೆ ನಿಲ್ಲಲಾರದು. ಬೀಜ ಪುಡಿಯಾದಾಗ ಹೊಸ ವಸ್ತುವೇನೂ ಹುಟ್ಟುವುದಿಲ್ಲ, ಆದ್ದರಿಂದ ಅದು ಭೌತ. ಆದರೂ ಪುಡಿಯನ್ನು ಮತ್ತೆ ಬೀಜ ಮಾಡಿಕೊಟ್ಟವರು ಬಾಳ್ಳುಪೇಟೆಯಲ್ಲೂ ಇಲ್ಲ, ಬೆಂಗಳೂರಲ್ಲೂ ಇಲ್ಲ. ಹೀಗಾಗಿ ಕೇಳಬೇಕಾದ್ದು ಒಂದೇ: ಹೊಸ ವಸ್ತು ಹುಟ್ಟಿತೋ ಇಲ್ಲವೋ?

ಈ ಸೂತ್ರ ಹಿಡಿದು ಕಾಫಿಯ ಬೆನ್ನು ಹತ್ತೋಣ. ಪಲ್ಪರ್‌ನಲ್ಲಿ ಹಣ್ಣಿನ ಸಿಪ್ಪೆ ಬಿಡುವುದು ಭೌತ. ಬೀಜಕ್ಕಂಟಿದ ಲೋಳೆ ತೊಟ್ಟಿಯಲ್ಲಿ ಹುಳಿಯುವುದು ರಾಸಾಯನಿಕ, ಮೂಗೇ ಪ್ರಮಾಣ. ಹುರಿಯುವಾಗ, 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಬೀಜ ಚಟಪಟ ಸಿಡಿಯುತ್ತದೆ. ಸಕ್ಕರೆಯೂ ಅಮೈನೊ ಆಮ್ಲವೂ ಕೂಡಿ ಬಣ್ಣ, ಘಮ ಹುಟ್ಟಿಸುತ್ತವೆ. ಇದು ರಾಸಾಯನಿಕ. ತೂಕ ನೂರಕ್ಕೆ 15ರಿಂದ 20ರಷ್ಟು ಇಳಿದು ಗಾತ್ರ ಹಿಗ್ಗುತ್ತದೆ. ಈ ಗುಣ ಕಾಫಿ ಬೀಜವನ್ನು ಬಿಟ್ಟರೆ ಸನ್ಮಾನಿತರಲ್ಲಿ ಮಾತ್ರ ಕಾಣಸಿಗುತ್ತದೆ. ಚಿಕೋರಿ ಬೆರೆಸುವುದು ಭೌತ. ಬೆರೆಸಿಯೇ ಇಲ್ಲ ಎನ್ನುವುದು ಯಾವುದೆಂದು ಶಾಸ್ತ್ರ ಮೌನವಾಗಿದೆ. ಡಿಕಾಕ್ಷನ್ನಿಗೆ ನೀರು ಕಾಯಿಸುವವರು ಗಮನಿಸಬೇಕು: ಪುಸ್ತಕದ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿರುವುದರಿಂದ ಇಲ್ಲಿಯ ನೀರು 97ರ ಹತ್ತಿರವೇ ಅವಸರ ಮಾಡುತ್ತದೆ. ಮಾರ್ಕು ಮಾತ್ರ 100ಕ್ಕೇ.

ಇನ್ನು ಮೈಲುತುತ್ತದ ಪ್ರಕರಣ. ಮಳೆಗಾಲಕ್ಕೆ ಮುಂಚೆ ಕೊಳೆರೋಗ ತಡೆಯಲು ತೋಟಕ್ಕೆ ಬೋರ್ಡೋ ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಫ್ರಾನ್ಸಿನಲ್ಲಿ ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ಬಳಿಯುತ್ತಿದ್ದ ಈ ನೀಲಿ ಮಿಶ್ರಣ ರೋಗವನ್ನೂ ಹೆದರಿಸುತ್ತದೆಂದು ಮಿಲ್ಲಾರ್ಡೆ ಎಂಬ ಪ್ರೊಫೆಸರ್ ಕಂಡುಕೊಂಡು, 1885ರಲ್ಲಿ ಲೋಕಕ್ಕೆ ಸಾರಿದರು. ಕಳ್ಳರಿಂದ ಕೃಷಿ ವಿಜ್ಞಾನಕ್ಕೆ ಸಂದ ಕೊಡುಗೆಯನ್ನು ಯಾವ ಪಠ್ಯವೂ ಸ್ಮರಿಸುವುದಿಲ್ಲ. ಸುಣ್ಣ ಸಾಲದಿದ್ದರೆ ಎಲೆ ಸುಡುತ್ತದೆ; ಅದಕ್ಕೇ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಶಾಲೆಯಲ್ಲಿ ಮೊಳೆ ಅದ್ದಿ ತೋರಿಸುವ ಪ್ರಯೋಗವೂ ಇದೇ. ಶಾಲೆಯದು ಮಾರ್ಕಿಗೆ, ತೋಟದ್ದು ಫಸಲಿಗೆ.

ತುಕ್ಕಿನಲ್ಲಿ ಎರಡು ವಿಧ. ಎಸ್ಟೇಟ್ ಗೇಟಿನದು ಕಬ್ಬಿಣ, ಆಮ್ಲಜನಕ, ನೀರು ಕೂಡಿದ್ದು. ಮೂರರಲ್ಲಿ ಎರಡು ಇಲ್ಲಿ ಪುಕ್ಕಟೆ. ಕಾಫಿ ಎಲೆಯಡಿಯ ಕಿತ್ತಳೆ ಪುಡಿ ಒಂದು ಶಿಲೀಂಧ್ರ, ಹೆಮಿಲಿಯಾ ವಾಸ್ಟಾಟ್ರಿಕ್ಸ್. ಗೇಟಿನ ತುಕ್ಕಿಗೆ ಪೇಂಟು ಸಾಕು. ಎಲೆಯ ತುಕ್ಕು 1869ರಲ್ಲಿ ಸಿಲೋನಿಗೆ ಕಾಲಿಟ್ಟು, ಮುಂದೆ ಆ ದ್ವೀಪವನ್ನೇ ಕಾಫಿಯಿಂದ ಟೀಗೆ ಬದಲಾಯಿಸಿತು. ಅದು ಇನ್ನೂ ಹಿಂದಕ್ಕೆ ಬಂದಿಲ್ಲ. ಐದನೇ ಕ್ಲಾಸಿನವರು ಈ ಉದಾಹರಣೆಯನ್ನು ಬಳಸಿಕೊಳ್ಳಬಹುದು.

ಉಳಿದದ್ದು ಒಗೆದ ಬಟ್ಟೆ. ಬಟ್ಟೆ ಒಣಗುವುದು ಭೌತ ಬದಲಾವಣೆ ಎಂದು ಪುಸ್ತಕ ಹೇಳುತ್ತದೆ. ಆಷಾಢದಲ್ಲಿ ಗಾಳಿ ತನಗೆ ಹಿಡಿಸುವಷ್ಟು ಆವಿಯನ್ನು ಆಗಲೇ ತುಂಬಿಕೊಂಡು ಕೂತಿರುತ್ತದೆ. ಯೂನಿಫಾರ್ಮಿನ ಪಾಲಿನ ತೇವಕ್ಕೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಪ್ರಶ್ನೆಪತ್ರಿಕೆ ತಯಾರಿಸುವ ಮಹನೀಯರಲ್ಲಿ ವಿನಂತಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎರಡು ತಾಲ್ಲೂಕುಗಳಲ್ಲಿ ಆ ಪ್ರಶ್ನೆ ಕೇಳಬೇಡಿ. ಕೇಳಿದರೆ, "ಒಣಗುವುದಿಲ್ಲ" ಎಂದು ಬರೆದ ಮಗುವಿಗೆ ಪೂರ್ತಿ ಮಾರ್ಕು ಕೊಡಿ.