ಮುಚ್ಚಳ ಹಾಕದ ಮೆಕ್ಯಾನಿಕ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಯಾವ ಊರಿನ ಬಸ್‌ಸ್ಟ್ಯಾಂಡಿನ ಸುತ್ತ ಹುಡುಕಿದರೂ ಈ ಟೀವಿ ಮೆಕ್ಯಾನಿಕ್ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಅಂಗಿಗೆ ಗುಂಡಿ ಹಾಕಿರುತ್ತಾರೆ, ಯಂತ್ರಕ್ಕೆ ಮುಚ್ಚಳ ಹಾಕಿರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊತ್ತು ತಂದ, ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಹಳೇ ಆಸಿಲೋಸ್ಕೋಪು ಬಿರುಬೇಸಿಗೆಯಲ್ಲಿ ಬರಿಮೈಯಲ್ಲಿ ಕೂತಿರುತ್ತದೆ. ಅಂಗಡಿಯ ಒಂದೇ ಟೇಬಲ್ ಫ್ಯಾನು ಅದರ ಸೇವೆಗೆ. ಬೆವರೊರೆಸಿಕೊಳ್ಳುವ ಗಿರಾಕಿಗೆ ಸಿಗುವ ಸಮಾಧಾನ ಇಷ್ಟೇ: "ನಿಮಗ ನೀರ್ ಕೊಡ್ತೀನ್ರಿ, ಅದಕ್ಕೇನ್ ಕೊಡ್ಲಿ?"

ಈ ದಯೆ ಮೆಚ್ಚತಕ್ಕದ್ದೇ, ಆದರೆ ಯಂತ್ರಕ್ಕೆ ಅದರಿಂದ ಲಾಭವಿಲ್ಲ. 1950ರ ದಶಕದ ಟೆಕ್ಟ್ರಾನಿಕ್ಸ್ 545ರಂಥ ವಾಲ್ವಿನ ಸ್ಕೋಪಿನಲ್ಲಿ ಹಿಂಬದಿಯ ಫ್ಯಾನು ಫಿಲ್ಟರಿನ ಮೂಲಕ ಗಾಳಿ ಎಳೆದು ಒಳಗೆ ಹರಿಸುತ್ತದೆ. ಪಕ್ಕದ ತಗಡುಗಳೇ ಆ ಗಾಳಿಯ ದಾರಿ. ತಗಡು ತೆಗೆದರೆ ಗಾಳಿ ಸಿಕ್ಕ ಸಂದಿಯಲ್ಲಿ ಹೊರಗೋಡುತ್ತದೆ, ದೂರದ ಮೂಲೆಯ ಭಾಗಗಳು ಬೇಯುತ್ತಲೇ ಇರುತ್ತವೆ. ಬಿಸಿ ಮಿತಿಮೀರಿದರೆ ಕರೆಂಟು ಕಡಿಯಲೆಂದೇ ಒಳಗೊಂದು ಥರ್ಮಲ್ ಕಟ್‌ಔಟ್ ಇರುತ್ತದೆ. ಅದು ಪದೇಪದೇ ದೂರು ಹೇಳುತ್ತದೆಂದು ನಮ್ಮವರು ಎರಡು ತಂತಿ ಜೋಡಿಸಿ ಅದರ ಬಾಯಿ ಮುಚ್ಚಿಸಿರುತ್ತಾರೆ! ಇನ್ನು ಫ್ಯಾನಿಲ್ಲದ ಟ್ರಾನ್ಸಿಸ್ಟರ್ ಸ್ಕೋಪಿಗೆ ಮೇಲ್ತಗಡಿನ ತೂತುಗಳೇ ಗತಿ. ಅವುಗಳ ಮೇಲೆ ಬಿಲ್‌ಬುಕ್ಕು, ಅದರ ಮೇಲೆ ಚಹಾ ಗ್ಲಾಸು.

"ಹೊರಗ 42 ಡಿಗ್ರಿ ಇದ್ದಾಗ ಮುಚ್ಚಳ ಏನ್ ಮಾಡ್ತೈತ್ರಿ?" ಎಂಬ ಅವರ ಆಕ್ಷೇಪದಲ್ಲಿ ಹುರುಳಿದೆ. ಫ್ಯಾನು ತಂಪು ಹುಟ್ಟಿಸುವುದಿಲ್ಲ, ಒಳಗಿನ ಸೆಕೆಯನ್ನು ಹೊರಗಿನ ಸೆಕೆಯ ಹತ್ತಿರಕ್ಕೆ ತರುತ್ತದೆ, ಅಷ್ಟೇ. ಒಳಗೆ 20 ಡಿಗ್ರಿ ಹೆಚ್ಚೆಂದುಕೊಂಡರೆ, ಹೊರಗೆ 25 ಇರುವ ಜನವರಿಯಲ್ಲಿ ಒಳಗೆ 45, ಏಪ್ರಿಲ್‌ನಲ್ಲಿ 62. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿಗೆ ಅರ್ಧವಾಗುತ್ತದೆಂಬುದು ರೂಢಿಯ ಲೆಕ್ಕ. ಆ 17 ಡಿಗ್ರಿಯಲ್ಲಿ ಉಳಿಯುವುದು ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಅಂದಮೇಲೆ ಹೊರಗಿನ ಸೆಕೆ ಹೆಚ್ಚಿದಷ್ಟೂ ಒಳಗಿನ 20ನ್ನು ಇಳಿಸುವುದೇ ಉಳಿದ ದಾರಿ: ಎರೆಮಣ್ಣಿನ ಧೂಳು ಕಟ್ಟಿದ ಫಿಲ್ಟರ್ ತೊಳೆಯಬೇಕು, ಯಂತ್ರವನ್ನು ಗೋಡೆಯಿಂದ ಈಚೆ ಸರಿಸಬೇಕು, ಮುಚ್ಚಳ ಹಾಕಬೇಕು, ಇಳಿಮಧ್ಯಾಹ್ನ ಸುಮ್ಮನೆ ಆರಿಸಬೇಕು. ಫ್ಯಾನಿನ ಕೆಳಗೆ ಕೂತು ಹೀಗೆ ಉಪದೇಶಿಸುವುದು ನಮ್ಮಂಥ ಬರೆಯುವವರಿಗೆ ಸುಲಭ.

ಆರಿಸಲು ಮಾತ್ರ ಅವರು ಒಪ್ಪುವುದಿಲ್ಲ. ಮತ್ತೆ ಹಚ್ಚಿದರೆ ಗೆರೆ ನೆಲೆಗೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕೆನ್ನುತ್ತಾರೆ, ಅದು ನಿಜವೂ ಹೌದು. ಆದರೆ ನಿಜವಾದ ಕಾರಣ ಬೇರೆ ಇದ್ದೀತು. ಎಲ್‌ಇಡಿ ಟೀವಿ ಬಂದಮೇಲೆ ಬೋರ್ಡನ್ನೇ ಬದಲಿಸುತ್ತಾರೆ, ಅಳೆದು ನೋಡಿ ರಿಪೇರಿ ಮಾಡಿಸುವವರು ಕಡಿಮೆ. ಆ ಹಸಿರು ಗೆರೆಯೂ ಆರಿದರೆ, ಇಲ್ಲಿ ಕೆಲಸ ಬಲ್ಲವರೊಬ್ಬರು ಕೂತಿದ್ದಾರೆಂದು ಹಾದುಹೋಗುವವರಿಗೆ ಗೊತ್ತಾಗುವುದಾದರೂ ಹೇಗೆ?