ಸಯಾಜಿರಾವ್ ಮಹಾರಾಜರಿಗೆ ಒಬ್ಬ ಕಂತುದಾರನ ಬಹಿರಂಗ ಪತ್ರ

ಶ್ರೀಮಂತ ಸಯಾಜಿರಾವ್ ಗಾಯಕವಾಡ ಮಹಾರಾಜರ ಸನ್ನಿಧಾನಕ್ಕೆ,

ಸೂರತ್ತಿನ ಕತಾರ್‌ಗಾಮಿನಿಂದ ರಾಣೆಬೆನ್ನೂರಿನವನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ. ತಾವು 1939ರಲ್ಲೇ ಕಾಲವಾದಿರಿ, ಹಾಗಾಗಿ ಈ ಪತ್ರಕ್ಕೆ ಉತ್ತರ ಬರುವುದಿಲ್ಲವೆಂದು ಬಲ್ಲೆ. ಬದುಕಿರುವವರಿಗೆ ಬರೆದ ಅರ್ಜಿಗಳಿಗೂ ಬಂದಿಲ್ಲವಾದ್ದರಿಂದ ಅದೇನು ದೊಡ್ಡ ಮಾತಲ್ಲ.

ತಮಗೇ ಯಾಕೆ ಬರೆಯುತ್ತಿದ್ದೇನೆಂದರೆ, 1906ರಲ್ಲಿ ಇಡೀ ಬರೋಡ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿ, ಪುಕ್ಕಟೆಯಾಗಿ ಕೊಡಿಸಿದವರು ತಾವು. 1908ರಲ್ಲಿ ಬ್ಯಾಂಕ್ ಆಫ್ ಬರೋಡ ತೆರೆದವರೂ ತಾವೇ. ವಿದ್ಯೆ, ಬಡ್ಡಿ ಎರಡನ್ನೂ ಬಲ್ಲ ಇನ್ನೊಬ್ಬರನ್ನು ನಾನೆಲ್ಲಿ ಹುಡುಕಲಿ? ಗಾಬರಿಯಾಗಬೇಡಿ, ನನ್ನ ಸಾಲ ತಮ್ಮ ಬ್ಯಾಂಕಿನದಲ್ಲ. ಆದರೂ ಸಂಬಂಧವೇ ಇಲ್ಲ ಅನ್ನುವಂತಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕನ್ನು 2019ರ ಏಪ್ರಿಲ್ 1ರಂದು ತಾವು ಮನೆ ತುಂಬಿಸಿಕೊಂಡಿರಿ. ಆ ಲೆಕ್ಕದಲ್ಲಿ ಬೀಗರು. ಬೀಗರ ಹತ್ತಿರ ಸಂಕೋಚವೇಕೆ?

1913ರಲ್ಲಿ ತಾವು ಭೀಮರಾವ್ ಅಂಬೇಡ್ಕರ್ ಎಂಬ ತರುಣನನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದಿರಿ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಪ್ರತಿಯಾಗಿ ಓದು ಮುಗಿದ ಮೇಲೆ ಹತ್ತು ವರ್ಷ ಬರೋಡದ ಚಾಕರಿ ಎಂದು ತಮ್ಮ ಅಧಿಕಾರಿಗಳು ಕರಾರು ಬರೆಸಿಕೊಂಡರು. ಮೂರಕ್ಕೆ ಹತ್ತು. ನನ್ನದು ನಾಲ್ಕು ವರ್ಷದ ಇಂಜಿನಿಯರಿಂಗು, ಹದಿನೈದು ವರ್ಷದ ಕಂತು. ನೂರು ವರ್ಷ ಕಳೆದರೂ ದರ ಇಷ್ಟೇ ಏರಿರುವುದು ನೋಡಿದರೆ ಈ ದೇಶದಲ್ಲಿ ಬೆಲೆ ಹತೋಟಿಯಲ್ಲಿರುವ ಸರಕು ಇದೊಂದೇ ಇರಬೇಕು.

ಲೆಕ್ಕವನ್ನು ತಮ್ಮ ದಿವಾನರಿಗೆ ತೋರಿಸಿ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ಸಲ ಕಾಲೇಜಿನ ಖಾತೆಗೆ ಹೋದದ್ದು 6 ಲಕ್ಷ ರೂಪಾಯಿ. ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದುವಷ್ಟು ಕಾಲ, ಅದರ ಮೇಲೊಂದು ವರ್ಷ, ಕಂತು ಕಟ್ಟಬೇಕಾಗಿಲ್ಲ. ಇದಕ್ಕೆ ಮೊರಟೋರಿಯಂ ಅನ್ನುತ್ತಾರೆ. ರಜೆ ಕಂತಿಗೆ, ಬಡ್ಡಿಗಲ್ಲ. ಮೊದಲ ವರ್ಷದ ದುಡ್ಡಿಗೆ ಐದು ವರ್ಷ, ಕೊನೆಯದಕ್ಕೆ ಎರಡು ವರ್ಷ ಬಡ್ಡಿ ಬೆಳೆದು, ನಾನು ಮೊದಲ ಕಂತಿಗೆ ಕೈ ಹಾಕುವ ಹೊತ್ತಿಗೆ 2 ಲಕ್ಷ 10 ಸಾವಿರ ಅಸಲಿನೊಳಗೇ ಸೇರಿಕೊಂಡಿತ್ತು. ಒಟ್ಟು 8 ಲಕ್ಷ 10 ಸಾವಿರ. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 8,704. ಮೊದಲ ತಿಂಗಳ ಕಂತಿನಲ್ಲಿ 6,750 ಬಡ್ಡಿಗೆ ಹೋಯಿತು, ಅಸಲಿಗೆ ಮುಟ್ಟಿದ್ದು 1,954. ಎಲ್ಲ ಮುಗಿದಾಗ ನಾನು ಕಟ್ಟಿರುವುದು 15 ಲಕ್ಷ 66 ಸಾವಿರದ ಮೇಲೆ.

ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದಿದ್ದರೆ? ಮೊದಲ ವರ್ಷ ಅದು ತಿಂಗಳಿಗೆ 1,250 ರೂಪಾಯಿ. ಹಾಗೆ ಕಟ್ಟುವವರಿಗೆ ದರದಲ್ಲಿ ರಿಯಾಯಿತಿ ಕೊಡಬಹುದು ಎಂದು ಬ್ಯಾಂಕುಗಳ ಸಂಘದ 2001ರ ಮಾದರಿ ಯೋಜನೆಯಲ್ಲೇ ಇದೆ. ಆ ಯೋಜನೆಗೆ ದಾರಿ ಹಾಕಿದ ಸಮಿತಿಯ ಮುಖ್ಯಸ್ಥರು ನಮ್ಮ ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷ ಆರ್.ಜೆ. ಕಾಮತ್. ಸಾಲ ಮಂಜೂರಾದ ದಿನ ಲಾಡು ಹಂಚಿದೆವು. ಈ ರಿಯಾಯಿತಿಯ ಸುದ್ದಿಯನ್ನು ಮಾತ್ರ ಶಾಖೆಯಲ್ಲಿ ಯಾರೂ ಎತ್ತಲಿಲ್ಲ. ಮೊದಲ ಕಂತಿನಿಂದಲೇ ತಿಂಗಳಿಗೆ ಎರಡು ಸಾವಿರ ಹೆಚ್ಚು ಕಟ್ಟಿದರೆ ಸಾಲ ಹತ್ತೇ ವರ್ಷಕ್ಕೆ ತೀರಿ 2 ಲಕ್ಷ 82 ಸಾವಿರ ಉಳಿಯುತ್ತದೆ. ಆ ಎರಡು ಸಾವಿರ ಎಲ್ಲಿಂದ ತರುವುದು ಎಂಬುದು ಯೋಜನೆಯಲ್ಲಿ ಇಲ್ಲ. (ಸರ್ವಜ್ಞನನ್ನು ಇಲ್ಲಿಗೆ ಎಳೆದು ತರುವುದಿಲ್ಲ. ಅವನ ಕಾಲದಲ್ಲಿ ಆಟೋ ಡೆಬಿಟ್ ಇರಲಿಲ್ಲ.)

ಸರ್ಕಾರ ಕೈಕಟ್ಟಿ ಕೂತಿದೆ ಅಂದರೆ ಪಾಪ ಬಂದೀತು. ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ ಮೊರಟೋರಿಯಂ ಕಾಲದ ಬಡ್ಡಿ ಸರ್ಕಾರದ್ದು ಎಂಬ ಯೋಜನೆ 2009ರಿಂದ ಇದೆ. ಅಪ್ಪನ ಅಂಗಡಿಯ ಆದಾಯ ಆ ಗೆರೆಯಿಂದ ತುಸು ಮೇಲಿತ್ತು. ನಾವು ಸಿರಿವಂತರೆಂದು ನಮಗೆ ತಿಳಿದದ್ದೇ ಆಗ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಖಾತರಿ ನಿಧಿಯಿದೆ, ನಾನು ಸುಸ್ತಿದಾರನಾದರೆ ಮುಕ್ಕಾಲು ಪಾಲನ್ನು ಅದು ತುಂಬಿಕೊಡುತ್ತದೆ. ಬ್ಯಾಂಕಿಗೆ. ಕಟ್ಟಿದ ಬಡ್ಡಿಗೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿಯೂ ಉಂಟು, ಹಳೇ ಪದ್ಧತಿಯಲ್ಲಿ ಮಾತ್ರ. ನನ್ನ ಪಗಾರಕ್ಕೆ ತೆರಿಗೆಯೇ ಬೀಳದ್ದರಿಂದ ಹೊಸ ಪದ್ಧತಿಯ ಅನ್ಯಾಯ ನನಗೆ ತಟ್ಟಿಲ್ಲ.

ಇನ್ನು ನನ್ನ ಚಾಕರಿ. ಓದಿದ್ದು ಮೆಕ್ಯಾನಿಕಲ್. ಕೂತಿರುವುದು ಕತಾರ್‌ಗಾಮಿನ ವಜ್ರದ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ. ಒರಟು ಕಲ್ಲನ್ನು ಸ್ಕ್ಯಾನರಿನೊಳಗೆ ತಿರುಗಿಸಿದರೆ ಅದರ ಹೊಟ್ಟೆಯೊಳಗಿನ ಬಿರುಕು, ಕಪ್ಪು ಚುಕ್ಕಿ ಎಲ್ಲ ಪರದೆಯ ಮೇಲೆ ಬಣ್ಣ ಬಣ್ಣವಾಗಿ ಕಾಣುತ್ತದೆ. ಎಲ್ಲಿ ಕೊಯ್ದರೆ ತೂಕ ಕಡಿಮೆ ಕಳೆಯುತ್ತದೆ ಎಂದು ಗುರುತು ಹಾಕಿ ಕೆಳಗೆ ಕಳಿಸುತ್ತೇನೆ. ಕೆಳಗಿನ ಅಂತಸ್ತಿನಲ್ಲಿ ಘಂಟಿ ಎಂಬ ಒಂದೊಂದು ಸಾಣೆಚಕ್ರದ ಸುತ್ತ ನಾಲ್ವರು ಕೂತು ಸಾಣೆ ಹಿಡಿಯುತ್ತಾರೆ. ಅವರಿಗೆ ಕಲ್ಲಿಗಿಷ್ಟು ಎಂಬ ಲೆಕ್ಕದ ಕೂಲಿ. ದೀಪಾವಳಿಗೆ ಕಾರ್ಖಾನೆಗಳು ವಾರಗಟ್ಟಲೆ ಬಾಗಿಲು ಹಾಕಿ ಅವರು ಸೌರಾಷ್ಟ್ರದ ಬಸ್ಸು ಹತ್ತಿದರೆ ಚಹಾದ ಗಾಡಿಯವನೂ ಅವರ ಹಿಂದೆಯೇ ಊರಿಗೆ. ಘಂಟಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪೊಂದರಲ್ಲಿ ನಾನು ಓದಿದ ಕೆಲಸವೇ ಇತ್ತು. ಪಗಾರ ಆರು ಸಾವಿರ ಕಡಿಮೆ. ಕಂತು ಬೇಡ ಅಂದಿತು, ನಾನೂ ಬೇಡ ಅಂದೆ. ತಮ್ಮ ಕರಾರಿನಲ್ಲಿ ಯಜಮಾನ ಯಾರೆಂದಾದರೂ ಬರೆದಿತ್ತು. ನನ್ನದರಲ್ಲಿ ಆ ಜಾಗ ಖಾಲಿ. ಯಾರು ಹೆಚ್ಚು ಪಗಾರ ಕೊಡುತ್ತಾರೋ ಅವರ ಹೆಸರು ತುಂಬಿಕೊಳ್ಳುವುದು.

ಒಂದು ಮಾತನ್ನು ತಮಾಷೆ ಬಿಟ್ಟು ಹೇಳಬೇಕು. ಆ ತರುಣ ಅಂಬೇಡ್ಕರ್ ಕರಾರಿನಂತೆ 1917ರಲ್ಲಿ ಬರೋಡಕ್ಕೆ ಬಂದರು. ಜಾತಿ ಗೊತ್ತಾದ ಮೇಲೆ ಪಾರ್ಸಿ ವಸತಿಗೃಹದಿಂದ ಅವರನ್ನು ಹೊರಹಾಕಿದರು, ಊರಿನಲ್ಲಿ ಬೇರೆ ಯಾರೂ ಜಾಗ ಕೊಡಲಿಲ್ಲ. ರಾತ್ರಿಯ ಮುಂಬಯಿ ರೈಲಿನವರೆಗೆ ಕಮಾಟಿ ಬಾಗ್ ಉದ್ಯಾನದಲ್ಲಿ ಕೂತಿದ್ದು, ಹೊರಟುಹೋದರು. ನನ್ನ ಗೋಳನ್ನು ಅದರ ಪಕ್ಕದಲ್ಲಿಡುವ ಅಹಂಕಾರ ನನಗಿಲ್ಲ. ಆದರೆ ಕರಾರು ಪತ್ರಗಳ ಜಾತಕ ಅಲ್ಲೇ ತಿಳಿಯಿತು. ಅವರು ಹತ್ತು ವರ್ಷ ದುಡಿಯಬೇಕೆಂದು ಅದರಲ್ಲಿತ್ತು, ಅವರು ಮಲಗುವುದೆಲ್ಲಿ ಎಂಬುದು ಇರಲಿಲ್ಲ. ನನ್ನ ಸಾಲಪತ್ರದಲ್ಲೂ ಕಂತು ತೊಂಬತ್ತು ದಿನ ಮೀರಿ ಬಾಕಿ ಉಳಿದರೆ ಏನಾಗುತ್ತದೆ ಎಂಬುದೆಲ್ಲ ಇದೆ. ಸಹಸಾಲಗಾರನೆಂದು ಅಪ್ಪನ ಸಹಿಯೂ ಇದೆ. ನಾನು ತಪ್ಪಿದರೆ ಅವರಿಗೆ ಇನ್ನೊಂದು ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ. ಓದಿದವನಿಗೆ ಕೆಲಸ ಸಿಗದಿದ್ದರೆ ಕಾಲೇಜು ಏನು ಕಟ್ಟಬೇಕು ಎಂಬ ಕಲಮು ಹುಡುಕಿದೆ. ಪುಟ ಮುಗಿದುಹೋಯಿತು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಕೂಡದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಿದ್ದೆಯ ಮಟ್ಟಿಗೆ ನಾವು ಸುರಕ್ಷಿತರು.

ಸಾಲ ಮನ್ನಾ ಕೇಳಲು ಬಂದವನಲ್ಲ ನಾನು. ಕೋರಿಕೆ ಇಷ್ಟೇ: ಪಗಾರ ಬರುವುದು ತಿಂಗಳ 10ಕ್ಕೆ, ಕಂತು ಕತ್ತರಿಸುವುದು 5ಕ್ಕೆ. ನಡುವಿನ ಐದು ದಿನದಲ್ಲಿ ಖಾತೆ ಬರಿದಾಗಿದ್ದರೆ ದಂಡ. ಕಂತಿನ ತಾರೀಖನ್ನು 12 ಮಾಡಿ ಎಂದು ಅರ್ಜಿ ಕೊಟ್ಟೆ. ಸಾಲ ಕೊಟ್ಟ ಶಾಖೆಗೇ ಖುದ್ದಾಗಿ ಬರಬೇಕಂತೆ. ಅಜ್ಮೀರ್–ಮೈಸೂರು ಎಕ್ಸ್‌ಪ್ರೆಸ್ಸು ಸೂರತ್ತಿನಿಂದ ನಮ್ಮ ಕಡೆಗೇ ಹೋಗುತ್ತದೆ, ನಿಜ. ಆದರೆ ಹೋಗಿಬರಲು ರಜೆ ಹಾಕಿದಷ್ಟು ದಿನದ ಪಗಾರ ಕಟ್, ಪಗಾರ ಕಟ್ಟಾದರೆ ಆ ತಿಂಗಳ ಕಂತಿಗೆ ಖೋತಾ. ತಾವು ಮಹಾರಾಜರು, ಒಂದು ಮಾತು ಹೇಳಿಸಿದರೆ ಆದೀತೇನೋ.

ಇಂತಿ,
ತಮ್ಮ ಸಾಲಗಾರನಲ್ಲದಿದ್ದರೂ ಸಾಲಗಾರನೇ ಆದ ಒಬ್ಬ ರಾಣೆಬೆನ್ನೂರಿನವ

ವಿ.ಸೂ.: ತಾರೀಖು ಬದಲಾಗುವವರೆಗೆ ಈ ತಿಂಗಳಿಗೊಂದು 8,704 ರೂಪಾಯಿ ಕೈಗಡ ಸಿಕ್ಕರೆ 10ಕ್ಕೆ ತಪ್ಪದೆ ಹಿಂದಿರುಗಿಸುವೆ. ಬಡ್ಡಿಯ ಮಾತು ಮಾತ್ರ ಬೇಡ.