ಕಾಂಪೌಂಡಿನ ಮೇಲೊಂದು ಸ್ಲೇಟು

ಕರಿಬೇವಿಗೆ ಅಂತ ಕಾಂಪೌಂಡಿನಾಚೆ ಒಂದು ಕೈ ಚಾಚಿದ್ದೆ, ಇನ್ನೊಂದು ಕೈಯಲ್ಲಿ ಟ್ಯಾಬ್ ಇತ್ತು. ಪಕ್ಕದ ಮನೆ ಮೇಷ್ಟ್ರು ಸೊಪ್ಪು ಕೊಡುವುದು ಬಿಟ್ಟು ಅದನ್ನೇ ನೋಡಿದರು.

"ಇದರ ಮೇಲೆ ಗೀಚಿ ಗೀಚಿಯೇನಮ್ಮಾ ನೀನು ಕಾಲೇಜಲ್ಲಿ ಪಾಠ ಮಾಡೋದು?"

ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟವರು. ರಿಟೈರಾಗಿ ಎಷ್ಟು ವರ್ಷವಾದರೂ ಮಾತಿಗೆ ನಿಂತರೆ ಬಲಗೈಯ ಬೆರಳುಗಳು ಸೀಮೆಸುಣ್ಣ ಹಿಡಿದ ಹಾಗೇ ಇರುತ್ತವೆ. ಹೂಂ ಸಾರ್ ಅಂದೆ. ಸ್ಲೈಡಿನಲ್ಲಿ ಪ್ರಶ್ನೆ, ಚಿತ್ರ ಮಾತ್ರ ಇರುತ್ತೆ, ಲೆಕ್ಕವನ್ನ ಅದರ ಮೇಲೇ ಪೆನ್ನಲ್ಲಿ ಬರೀತೀನಿ, ಗೋಡೆ ಮೇಲೆ ದೊಡ್ಡದಾಗಿ ಕಾಣುತ್ತೆ.

"ಪೂರ್ತಿ ಟೈಪ್ ಮಾಡ್ಕೊಂಡು ಹೋದ್ರೆ ಸಲೀಸಲ್ವೇ?"

ಮೊದಲೆರಡು ವರ್ಷ ಹಾಗೇ ಮಾಡಿದ್ದೆ. ಗುಂಡಿ ಒತ್ತಿದರೆ ಹನ್ನೆರಡು ಸಾಲಿನ ಲೆಕ್ಕ ಒಂದೇ ಏಟಿಗೆ ಬಂದು ಕೂರುತ್ತಿತ್ತು. ಹುಡುಗರು ಅದರ ಫೋಟೋ ತೆಗೆದು ಫೋನನ್ನು ಜೇಬಿಗಿಳಿಸಿ ಆರಾಮಾಗುತ್ತಿದ್ದರು. ಕೈಯಲ್ಲಿ ಬರೆಯಲು ಶುರುಮಾಡಿದ ಮೇಲೆ ನನ್ನ ಓಟಕ್ಕೆ ಕಡಿವಾಣ ಬಿತ್ತು. ಒಂದು ಮೈನಸ್ ಬಿಟ್ಟರೂ ಮೂರನೇ ಬೆಂಚಿನವನು ಕೂಗುತ್ತಾನೆ. ಅಚ್ಚಾದ ಲೆಕ್ಕದಲ್ಲೂ ಮೈನಸ್ ತಪ್ಪಿತ್ತು, ಎರಡು ವರ್ಷ ಒಬ್ಬರೂ ಕೇಳಲಿಲ್ಲ. ಅಚ್ಚಿಗೆ ಅಷ್ಟು ಮರ್ಯಾದೆ!

ಇದೇನು ನಿನ್ನೆ ಮೊನ್ನೆಯದಲ್ಲ ಸಾರ್, ಅಂದೆ. ಪೆನ್ನಲ್ಲಿ ಬರೆಯುವ ಟ್ಯಾಬ್ಲೆಟ್ ಪಿಸಿಗೆ ಅಂತಲೇ ಮೈಕ್ರೋಸಾಫ್ಟ್ 2002ರಲ್ಲಿ ಬೇರೆ ವಿಂಡೋಸ್ ತಂದಿತ್ತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆಗಲೇ 'ಕ್ಲಾಸ್‌ರೂಮ್ ಪ್ರೆಸೆಂಟರ್' ಅಂತ ಒಂದು ತಂತ್ರಾಂಶ ಮಾಡಿದ್ದರು. ಅದರಲ್ಲಿ ಪಾಠ ಮಾಡುವವರ ಪರದೆಯಲ್ಲಿ ಮಾತ್ರ ಟಿಪ್ಪಣಿ ಕಾಣುತ್ತೆ, ಗೋಡೆ ಮೇಲೆ ಕಾಣೋದಿಲ್ಲ.

ಮೇಷ್ಟ್ರಿಗೆ ಖುಷಿಯೋ ಖುಷಿ. "ಗೈಡನ್ನ ಟೆಕ್ಸ್ಟ್‌ಬುಕ್ಕಿನೊಳಗೆ ಇಟ್ಕೊಂಡು ಬರೋ ಹಾಗೆ ಅನ್ನು. ನಮ್ಮ ಸ್ಟಾಫ್ ರೂಮಿನಲ್ಲಿ ಅದು ಇನ್ನೂ ಹಳೇದು."

ಕಷ್ಟವನ್ನೂ ಹೇಳಿಕೊಂಡೆ. ಗಾಜು ಜಾರುತ್ತೆ. ನಮ್ಮದು ಮೊದಲೇ ದುಂಡಕ್ಷರ. 'ಕ್ಷೇತ್ರಫಲ' ಬರೆಯಹೋದರೆ ಕ್ಷ ಒಂದು ಕಡೆ, ಅದರ ದೀರ್ಘ ಇನ್ನೊಂದು ಕಡೆ. ಸಾಲದ್ದಕ್ಕೆ ತಂತಿಯಿಲ್ಲದೆ ಪ್ರೊಜೆಕ್ಟರಿಗೆ ಕಳಿಸಿದರೆ ಪೆನ್ನು ಮುಂದೆ ಹೋಗಿರುತ್ತೆ, ಗೋಡೆ ಮೇಲಿನ ಗೆರೆ ಆಮೇಲೆ ಆಕಳಿಸಿಕೊಂಡು ಬರುತ್ತೆ. ಆ್ಯಪಲ್‌ನವರು 2019ರಲ್ಲಿ ತಮ್ಮ ಪೆನ್ಸಿಲ್ಲು ತಡವರಿಸೋದನ್ನ 20 ಮಿಲಿಸೆಕೆಂಡಿನಿಂದ 9ಕ್ಕೆ ಇಳಿಸಿದ್ದೀವಿ ಅಂದರು. ನಮ್ಮ ಕಾಲೇಜಿನ ವೈಫೈಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

"ಓಲೆಗರಿ ಕಾಲ ನೆನೆಸ್ಕೋ ತಾಯಿ. ಕಂಟದಲ್ಲಿ ಕೊರೀತಿರೋವಾಗ ಅಕ್ಷರ ಸರಿಯಾಗಿ ಕಾಣ್ತಾನೇ ಇರ್ಲಿಲ್ಲ. ಆಮೇಲೆ ಮಸಿ ಬಳಿದು ಒರೆಸಿದ ಮೇಲೇ ಏನು ಬರ್ದಿದೀನಿ ಅಂತ ಗೊತ್ತಾಗ್ತಿದ್ದಿದ್ದು. ನಿನ್ನ ವೈಫೈ ಅದಕ್ಕಿಂತ ವಾಸಿ ತಾನೆ?"

ಬಾಯಿ ಮುಚ್ಚಿಕೊಂಡು ಪೆನ್ನು ಕೊಟ್ಟೆ. ಮೇಷ್ಟ್ರು ಟ್ಯಾಬನ್ನು ಕಾಂಪೌಂಡಿನ ಮೇಲಿಟ್ಟು ಕಣ್ಣು ಕಿರಿದಾಗಿಸಿ ಒಂದು ವೃತ್ತ ಎಳೆದರು. ಕೈವಾರ ಇಟ್ಟು ಎಳೆದ ಹಾಗೆ! ವ್ಯಾಸ ಎಳೆದು, ಅರ್ಧವೃತ್ತದೊಳಗಿನ ಕೋನ ಲಂಬಕೋನ ಯಾಕೆ ಅಂತ ಶುರುಮಾಡಿದರು. ನನ್ನ ಸಾರು ಒಲೆಯ ಮೇಲಿತ್ತು, ಆದರೂ ನಿಂತೆ. ಮುಗಿದಾಗ ಪರದೆಯಲ್ಲಿ ಜಾಗ ಉಳಿದಿರಲಿಲ್ಲ.

ಹೋದ ವಾರ ಕ್ಲಾಸಿನ ಕೊನೆಗೆ, ಬರೆದದ್ದನ್ನು ಇಟ್ಟುಕೊಳ್ಳಲೋ ಬಿಸಾಡಲೋ ಅಂತ ಪವರ್‌ಪಾಯಿಂಟ್ ಕೇಳಿದಾಗ ಅವಸರದಲ್ಲಿ ಬಿಸಾಡು ಅಂದುಬಿಟ್ಟು, ಒಂದು ಗಂಟೆಯ ಬರವಣಿಗೆಯನ್ನೆಲ್ಲ ಕಳೆದುಕೊಂಡವಳು ನಾನು. ಈ ಸಲ ಹುಷಾರಾಗಿ ಕೇಳಿದೆ. "ಸೇವ್ ಮಾಡ್ಲಾ ಸಾರ್?"

"ಯಾಕೆ? ಒರೆಸು. ನಾಳೆ ಪೀರಿಯಡ್‌ಗೆ ಬೋರ್ಡು ಬೇಕಲ್ಲ," ಅಂದು ಹೆಗಲ ಟವೆಲಿಗೆ ಬೆರಳು ಉಜ್ಜಿಕೊಳ್ಳುತ್ತ ಒಳಗೆ ಹೋದರು. ಕರಿಬೇವು ಅವರ ಕೈಯಲ್ಲೇ ಇತ್ತು.